ಡ್ರೈನ್ ಬೋಲ್ಟ್ ಒರೆಸುವ ಮುನ್ನ ಒಮ್ಮೆ ನೋಡಿ

ಮಾನ್ಯರೆ,

ಕಾರಿನ ಆಯಿಲ್ ಬದಲಿಸುವಾಗ ಮೆಕ್ಯಾನಿಕ್ ಚೇಂಬರಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಡ್ರೈನ್ ಬೋಲ್ಟ್ ಬಿಚ್ಚುತ್ತಾನೆ, ತುದಿಗೆ ಅಂಟಿದ ಕಪ್ಪು ಮಡ್ಡಿಯನ್ನು ವೇಸ್ಟ್ ಬಟ್ಟೆಯಲ್ಲಿ ಒರೆಸುತ್ತಾನೆ, ವಾಪಸ್ ಹಾಕಿಬಿಡುತ್ತಾನೆ. ಆ ತುದಿಯಲ್ಲಿ ಅಯಸ್ಕಾಂತ ಇದ್ದರೆ, ಮಡ್ಡಿಯನ್ನು ನೋಡದೆ ಒರೆಸುವುದೂ ಒಂದೇ, ರಕ್ತ ಪರೀಕ್ಷೆ ಮಾಡಿಸಿ ವರದಿಯನ್ನು ಓದದೆ ಹರಿದು ಎಸೆಯುವುದೂ ಒಂದೇ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುವ ಈ ಅಯಸ್ಕಾಂತದ ಬೋಲ್ಟ್‌ಗಳನ್ನು 'ಎಂಜಿನ್ ಆಯುಷ್ಯ ಹೆಚ್ಚಿಸುವ' ಸಾಧನವೆಂದು ಮಾರುತ್ತಾರೆ. ಹಾಕಿಸಿಕೊಂಡವರು ಆಯಿಲನ್ನು ಇನ್ನೂ ಐದು ಸಾವಿರ ಕಿಲೋಮೀಟರ್ ಓಡಿಸಬಹುದು ಎಂದುಕೊಳ್ಳುತ್ತಾರೆ. ಓಡಿಸಬಾರದು. ಅಯಸ್ಕಾಂತ ಹಿಡಿಯುವುದು ಕಬ್ಬಿಣ, ಉಕ್ಕನ್ನು ಮಾತ್ರ: ಪಿಸ್ಟನ್ ರಿಂಗ್, ಬೀಡುಕಬ್ಬಿಣದ ಲೈನರ್, ಕ್ಯಾಮ್, ಟೈಮಿಂಗ್ ಚೈನ್ ಸವೆದ ಪುಡಿ. ಪಿಸ್ಟನ್ ಅಲ್ಯೂಮಿನಿಯಂನದು. ಕ್ರ್ಯಾಂಕಿನ ಬೇರಿಂಗ್ ಮೇಲ್ಪದರದಲ್ಲಿ ಇರುವುದು ತಾಮ್ರ, ಸೀಸ, ತವರ, ಅಲ್ಯೂಮಿನಿಯಂ. ಏರ್ ಫಿಲ್ಟರ್ ಸರಿಯಾಗಿ ಕೂರದೆ ಒಳನುಗ್ಗುವ ರಸ್ತೆಯ ದೂಳಂತೂ ಮರಳಿನ ಜಾತಿಯದು. ಇವು ಯಾವುವೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹಳತಾದ ಆಯಿಲಿನ ಮಸಿ, ಆಮ್ಲ, ತೆಳುವಾಗಿಸುವ ಪೆಟ್ರೋಲಿಗೂ ಅದು ಮದ್ದಲ್ಲ.

ಹಾಗೆಂದು ನಿಷ್ಪ್ರಯೋಜಕವೂ ಅಲ್ಲ. ಕಾಗದದ ಆಯಿಲ್ ಫಿಲ್ಟರ್ ಚೆನ್ನಾಗಿ ತಡೆಯುವುದು ಸುಮಾರು 20–30 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್)‌ಗಿಂತ ದಪ್ಪನೆಯ ಕಣಗಳನ್ನು. ಬೇರಿಂಗಿನಲ್ಲಿ ಆಯಿಲ್ ಪೊರೆಯ ದಪ್ಪ ಕೆಲವೇ ಮೈಕ್ರಾನ್. ಹಾನಿ ಮಾಡುವ ಸಣ್ಣ ಕಣ ಫಿಲ್ಟರ್ ದಾಟಿಬಿಡುತ್ತದೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಅಥವಾ ಫಿಲ್ಟರ್ ಕಟ್ಟಿಕೊಂಡಾಗ ಫಿಲ್ಟರನ್ನು ಬಳಸಿ ಹೋಗುವ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲೇ ಒಳಗೆ ಹೋಗುತ್ತದೆ. ಅಯಸ್ಕಾಂತ ಎಷ್ಟು ಸಣ್ಣ ಕಣವನ್ನಾದರೂ ಹಿಡಿದೀತು, ಆದರೆ ಕಣ ಹತ್ತಿರ ಹಾದರೆ ಮಾತ್ರ. ಒಂದು ಬೆರಳಗಲ ದೂರ ಸರಿದರೆ ಅದರ ಸೆಳೆತ ಲೆಕ್ಕಕ್ಕಿಲ್ಲ.

ಕೊಳ್ಳುವವರು ಮೊದಲು ಕೇಳಬೇಕಾದ್ದು ಶಾಖದ ಗ್ರೇಡ್. 'ಎನ್35', 'ಎನ್42' ಎಂದಷ್ಟೇ ಬರೆದ ನಿಯೋಡಿಮಿಯಂ ಅಯಸ್ಕಾಂತ ತಾಳುವುದು ಸುಮಾರು 80 ಡಿಗ್ರಿ ಸೆಲ್ಸಿಯಸ್. ಹೆದ್ದಾರಿಯಲ್ಲಿ ಓಡುವ ಕಾರಿನ ಆಯಿಲ್ 90–110 ಡಿಗ್ರಿಗೆ ಹೋಗುತ್ತದೆ. ತುಂಬಿದ ಗಾಡಿ ಶಿರಾಡಿ ಘಾಟಿ ಹತ್ತುವಾಗ ಇನ್ನೂ ಹೆಚ್ಚು. ಅಷ್ಟು ಕಾದರೆ ಶಕ್ತಿ ಕುಂದುತ್ತದೆ, ತಣಿದ ಮೇಲೂ ಪೂರ್ತಿ ಮರಳುವುದಿಲ್ಲ, ಹಿಡಿದಿಟ್ಟದ್ದನ್ನೂ ಬಿಟ್ಟುಬಿಡುತ್ತದೆ. ಗ್ರೇಡಿನ ಕೊನೆಯಲ್ಲಿ 'ಎಸ್‌ಎಚ್' ಇದ್ದರೆ 150 ಡಿಗ್ರಿ, 'ಯುಎಚ್' ಇದ್ದರೆ 180. ಸಮೇರಿಯಂ ಕೋಬಾಲ್ಟ್ ಎಂಬ ಬೇರೆ ಜಾತಿಯ ಅಯಸ್ಕಾಂತವಾದರೆ ಇನ್ನೂ ನಿಶ್ಚಿಂತೆ. ಎರಡನೆಯದಾಗಿ, ಅಯಸ್ಕಾಂತವನ್ನು ಬೋಲ್ಟಿನೊಳಗೆ ಒತ್ತಿ ಅಂಚು ಮಡಚಿ ಕೂರಿಸಿರಬೇಕು. ಗಮ್ಮಿನಲ್ಲಿ ಅಂಟಿಸಿದ್ದು ಕಿತ್ತುಬರುತ್ತದೆ. ನಿಯೋಡಿಮಿಯಂ ಪಿಂಗಾಣಿಯಂತೆ ಚೂರಾಗುವ ವಸ್ತು. ಆಯಿಲ್ ಪಂಪ್ ಇರುವುದು ಫಿಲ್ಟರಿಗಿಂತ ಮುಂಚೆ, ಪಂಪಿನ ಬಾಯಿಯ ಜಾಲರಿ ದಾಟಿದ ಚೂರು ನೇರ ಪಂಪಿಗೇ ಹೋಗುತ್ತದೆ.

ಥ್ರೆಡ್ ವಿಷಯದಲ್ಲಿ ಅಂದಾಜು ಬೇಡ. ಮಾರುತಿ, ಹ್ಯುಂಡೈಗಳ ಅನೇಕ ಎಂಜಿನ್‌ಗಳಲ್ಲಿ 14 ಮಿ.ಮೀ. ಬೋಲ್ಟ್, 1.5 ಪಿಚ್ (ಥ್ರೆಡ್‌ನ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ದೂರ, ಮಿ.ಮೀ.ನಲ್ಲಿ), ಟೊಯೋಟಾದ ಹಲವುಗಳಲ್ಲಿ 12 ಮಿ.ಮೀ., 1.25 ಪಿಚ್. ಹಳೆಯ ಬೋಲ್ಟನ್ನು ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡಿ, ಉದ್ದವನ್ನೂ ಹೋಲಿಸಿ. ಪಿಚ್ ತಪ್ಪಿದ್ದರೆ ಎರಡು ಸುತ್ತು ಕೈಯಲ್ಲೇ ಹೋಗಿ ನಿಲ್ಲುತ್ತದೆ. ಅಲ್ಲಿಂದ ಸ್ಪ್ಯಾನರ್ ಹಾಕಿದರೆ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಹಾರಿತೆಂದೇ ಲೆಕ್ಕ. ವಾಷರ್ ಪ್ರತಿಸಲ ಹೊಸದು. ಬಿಗಿತ ಸಾಮಾನ್ಯವಾಗಿ 30–40 ನ್ಯೂಟನ್ ಮೀಟರ್. ನಿಖರ ಸಂಖ್ಯೆ ಗಾಡಿಯ ಮ್ಯಾನ್ಯುಯಲ್‌ನಲ್ಲಿರುತ್ತದೆ. 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 18 ಕೆ.ಜಿ.ಯಷ್ಟು ಭಾರ ಬಿಟ್ಟರೆ 35 ಆಯಿತು. ಮೇಲೆ ನಿಂತು ಕುಣಿಯಬೇಕಿಲ್ಲ.

ಫಿಲ್ಟರ್ ಡಬ್ಬಿಯ ಹೊರಗೆ ಅಂಟಿಸುವ ಅಯಸ್ಕಾಂತಗಳ ಸೆಳೆತದಲ್ಲಿ ಒಂದು ಪಾಲು ಡಬ್ಬಿಯ ತಗಡಿನಲ್ಲೇ ಹರಿದುಹೋಗುತ್ತದೆ. ಕೊಳೆ ಆಯಿಲ್ ಡಬ್ಬಿಯ ಒಳಗೋಡೆಯ ಪಕ್ಕದಲ್ಲೇ ಹಾದು ಕಾಗದಕ್ಕೆ ಹೋಗುವುದರಿಂದ ಬಲವಾದದ್ದಾದರೆ ಸ್ವಲ್ಪ ಕೆಲಸವೇನೋ ಆಗುತ್ತದೆ. ಆದರೆ ಫಿಲ್ಟರ್ ಎಸೆಯುವ ತನಕ ಅದನ್ನು ಕೀಳಬಾರದು, ಎಂಜಿನ್ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಹತ್ತಿರ ಇಡಬಾರದು.

ಇನ್ನು ಬೋಲ್ಟಿನ ಮಡ್ಡಿಯನ್ನು ಓದುವ ಕ್ರಮ. ಎಂಜಿನ್ ಬೆಚ್ಚಗಿರುವಾಗ ಆರಿಸಿ, ಹತ್ತು ನಿಮಿಷ ಬಿಟ್ಟು ಬೋಲ್ಟ್ ಬಿಚ್ಚಿ, ಬಿಳಿ ಕಾಗದದ ಮೇಲಿಟ್ಟು ಫೋಟೊ ತೆಗೆಯಿರಿ. ಮಡ್ಡಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಉಜ್ಜಿದರೆ ಕಾಡಿಗೆಯಂತೆ ನುಣುಪಾಗಿದ್ದರೆ ಅದು ಸಹಜ ಸವಕಳಿ. ಹೊಸ ಕಾರಿನ ಮೊದಲ ಆಯಿಲಿನಲ್ಲಿ ಇದು ಹೆಚ್ಚೇ ಇರುತ್ತದೆ, ಕೂದಲಿನಂಥ ಒಂದೆರಡು ಎಳೆಯೂ ಬಂದೀತು. ಐವತ್ತು ಸಾವಿರ ಓಡಿದ ಗಾಡಿಯಲ್ಲಿ ಸೂಜಿಯಂತೆ ಚುಚ್ಚುವ ಎಳೆ, ಹೊಳೆಯುವ ಚಕ್ಕೆ ಕಂಡರೆ ಎಂಜಿನ್ ಬಿಚ್ಚಿಸುವ ಮೊದಲು ಫಿಲ್ಟರ್ ಕತ್ತರಿಸಿ ಕಾಗದದ ಮಡಿಕೆ ಬಿಡಿಸಿ ನೋಡಿ. ಹ್ಯಾಕ್ಸಾ ಬೇಡ, ಅದರದೇ ಕಬ್ಬಿಣದ ಪುಡಿ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಇದಕ್ಕೆಂದೇ ಚಕ್ರದ ಕಟರ್ ಇದೆ. ಟ್ರೇಯಲ್ಲಿನ ಹಳೆ ಆಯಿಲನ್ನು ಬಿಸಿಲಿಗೆ ಹಿಡಿದಾಗ ಮಿನುಗು ಕಂಡು, ಅದು ಅಯಸ್ಕಾಂತಕ್ಕೆ ಅಂಟದಿದ್ದರೆ ಅನುಮಾನ ಬೇರಿಂಗಿನ ಮೇಲೆ. ಬೋಲ್ಟ್ ಶುಭ್ರವಾಗಿದ್ದೂ ಬೇರಿಂಗ್ ಹೋಗಿರುವ ಎಂಜಿನ್ ಇರಬಲ್ಲದು.

ನಿಜಕ್ಕೂ ಅಯಸ್ಕಾಂತ ಬೇಕಾದ ಜಾಗ ಮ್ಯಾನ್ಯುಯಲ್ ಗೇರ್‌ಬಾಕ್ಸ್. ಸಾಮಾನ್ಯವಾಗಿ ಅಲ್ಲಿ ಕಾಗದದ ಫಿಲ್ಟರೇ ಇಲ್ಲ, ಉಕ್ಕಿನ ಹಲ್ಲುಗಳು ಒಂದಕ್ಕೊಂದು ತಿಕ್ಕುತ್ತವೆ. ಹಲವು ಕಂಪನಿಗಳು ಕಾರ್ಖಾನೆಯಲ್ಲೇ ಅಯಸ್ಕಾಂತ ಇಟ್ಟಿರುತ್ತವೆ. ಆಟೊಮ್ಯಾಟಿಕ್‌ಗಳ ತಟ್ಟೆಯಲ್ಲೂ ಇರುತ್ತವೆ. ಗೇರ್ ಆಯಿಲ್ ಇಳಿಸುವಾಗ ತುಂಬುವ ಬೋಲ್ಟನ್ನು ಮೊದಲು ಸಡಿಲಿಸಿ. ಇಳಿಸಿದ ಮೇಲೆ ಅದು ಬಿಚ್ಚದಿದ್ದರೆ ಗಾಡಿ ಅಲ್ಲೇ ನಿಂತಿತು. ಚಿನ್ನದ ಬಣ್ಣದ ಪುಡಿ ಕಂಡರೆ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್ ಸವೆದಿದೆ ಎಂದು ತಿಳಿಯಿರಿ. ಅದೂ ಅಯಸ್ಕಾಂತಕ್ಕೆ ಸಿಗದು.

ಸರ್ವಿಸ್ ಕೇಂದ್ರಗಳು ಬೋಲ್ಟಿನ ತುದಿಯನ್ನು ಒರೆಸುವ ಮುನ್ನ ಮಾಲೀಕರಿಗೆ ತೋರಿಸಿ, ಓಡಿದ ಕಿಲೋಮೀಟರ್ ಜೊತೆ 'ನುಣುಪು' ಅಥವಾ 'ಚಕ್ಕೆ' ಎಂದು ಜಾಬ್ ಕಾರ್ಡಿನಲ್ಲಿ ಬರೆಯಲಿ. ಮಾರುವವರು ಪೊಟ್ಟಣದ ಮೇಲೆ ಥ್ರೆಡ್ ಅಳತೆಯನ್ನೂ ಶಾಖದ ಮಿತಿಯನ್ನೂ ಅಚ್ಚು ಹಾಕಲಿ.

– ವರ್ಕ್‌ಶಾಪ್ ಕೆಲಸ ಬಲ್ಲ ಓದುಗರು, ಬೆಂಗಳೂರು