ಮಗಳಿಗೊಂದು ಪತ್ರ: ಅಜ್ಜನ ಎದುರು ನಿಂತ ದುರ್ಯೋಧನ

ಪ್ರೀತಿಯ ಪುಟ್ಟೀ,

ಗೆಳತಿಯನ್ನು ನಿನ್ನ ದುರ್ಯೋಧನನ ನಾಟಕದಿಂದ ಕೈಬಿಟ್ಟೆ ಅಂತ ನೀನು ನಿನ್ನೆ ರಾತ್ರಿ ಹೇಳಿದೆ. ಎಲ್ಲರ ಎದುರಿಗೆ ಅವಳು "ಕೊನೆಯ ದೃಶ್ಯ ಕೂರುತ್ತಿಲ್ಲ" ಅಂದಳಂತೆ, ಅದಕ್ಕೆ. ನಾನು ಏನೋ ಹೇಳೋಕೆ ಹೋದೆ. "ಅಮ್ಮಾ, ನೀನೂ ಶುರು ಮಾಡಬೇಡ" ಅಂತ ಫೋನ್ ಇಟ್ಟುಬಿಟ್ಟೆ. ಶನಿವಾರದಿಂದ ಸಂಜಯನ ಪಾತ್ರಕ್ಕೆ ಬೇರೆಯವರು ಬರುತ್ತಾರೆ ಅಂದಿದ್ದೆ. ಅದಕ್ಕೂ ಮುಂಚೆ ನೀನು ಇದನ್ನು ಓದಬೇಕು.

ನೀವಿಬ್ಬರೂ ತಂಡ ಕಟ್ಟಿದ ಕತೆ ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ತೆಗೆಯುವುದಿಲ್ಲ. ನಿನ್ನ ನಾಟಕದ ಬಗ್ಗೆಯೇ ಮಾತಾಡುತ್ತೇನೆ.

ನೀನು ಕಳಿಸಿದ ಟಿಪ್ಪಣಿ ಓದಿದೆ. ದುರ್ಯೋಧನನ ದೋಷ ಅಹಂಕಾರ, ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್‌ನದು ಅಧಿಕಾರದ ಆಸೆ, ಒಥೆಲೊನದು ಅನುಮಾನ. ಒಬ್ಬೊಬ್ಬರಿಗೆ ಒಂದೊಂದು ಚೀಟಿ ಅಂಟಿಸಿದ್ದೀಯ. ಪರೀಕ್ಷೆಗೆ ಇಷ್ಟು ಸಾಕು, ನಾಟಕ ಆಡಿಸುವವರಿಗೆ ಸಾಲದು ಕಣೇ. ಒಥೆಲೊ ಹುಟ್ಟಾ ಅನುಮಾನದವನಾಗಿದ್ದರೆ ಹೆಂಡತಿಯ ಮೇಲೆ ಚಾಡಿ ಹೇಳಿದ ಇಯಾಗೋನನ್ನೇ ಮೊದಲು ಅನುಮಾನಿಸಬೇಕಿತ್ತು, ಅಲ್ವಾ? ಅವನು ನಂಬುವ ಮನುಷ್ಯ. ಯುದ್ಧದಲ್ಲಿ ಪಕ್ಕದವನನ್ನು ನಂಬಿ ಗೆದ್ದವನು. ಆ ನಂಬಿಕೆಯೇ ಅವನನ್ನು ಇಯಾಗೋನ ಕೈಗೆ ಕೊಟ್ಟಿತು. ಗ್ರೀಕ್ ನಾಟಕದ ದೊರೆ ಈಡಿಪಸ್‌ನನ್ನೂ ನೋಡು. ಪಟ್ಟು ಹಿಡಿದು ಯೋಚಿಸಿ ಸ್ಫಿಂಕ್ಸ್‌ನ ಒಗಟು ಬಿಡಿಸಿದ, ಥೀಬ್ಸ್ ನಗರ ಉಳಿಯಿತು. ಮುಂದೆ ಅದೇ ಪಟ್ಟಿನಿಂದ ತನ್ನ ಹುಟ್ಟನ್ನು ಕೆದಕಿದ. ಸಾಕು ನಿಲ್ಲಿಸು ಅಂತ ಹೆಂಡತಿ ಯೊಕಾಸ್ತಾ ಬೇಡಿಕೊಂಡರೂ ಬಿಡಲಿಲ್ಲ. ಹಾಗಂತ ಅವನ ಪತನವನ್ನೆಲ್ಲ ಸ್ವಭಾವದ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ತಂದೆ ಅಂತ ತಿಳಿಯದೆ ಕೊಂದವನು ಅವನು, ವಿಧಿಯ ಪಾಲು ಅಲ್ಲಿ ದೊಡ್ಡದು.

ದುರಂತದ ನಾಯಕ ತೀರ ಒಳ್ಳೆಯವನೂ ಆಗಿರಬಾರದು, ತೀರ ಕೆಟ್ಟವನೂ ಆಗಿರಬಾರದು ಅಂತ ಅರಿಸ್ಟಾಟಲ್ ಕ್ರಿ.ಪೂ. 4ನೇ ಶತಮಾನದಲ್ಲೇ ಹೇಳಿದ್ದ. ಕೆಟ್ಟವನು ಬಿದ್ದರೆ ನಮಗೆ ಮರುಕ ಬರುವುದಿಲ್ಲ. ನಿನ್ನ ದುರ್ಯೋಧನ ಬರೀ ಅಹಂಕಾರಿ ಆದರೆ ನೋಡುವವರು ಅವನಿಗಾಗಿ ಯಾಕೆ ಅಳಬೇಕು?

ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ರನ್ನನ ಗದಾಯುದ್ಧ ಕಾವ್ಯದ ಒಂದೇ ಜಾಗದಲ್ಲಿ. ಹದಿನೆಂಟನೆಯ ದಿನ. ಸಂಜಯನ ಜೊತೆ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣರನ್ನು ನೋಡುತ್ತಾನೆ. ಅಭಿಮನ್ಯುವಿನ ಹೆಣದ ಎದುರು ಕೈಮುಗಿದು, ನಿನ್ನಂಥ ಸಾವು ನನಗೂ ಬರಲಿ ಅನ್ನುತ್ತಾನೆ. ಶತ್ರುವಿನ ಮಗ ಕಣೇ ಅವನು! ಸತ್ತ ಶತ್ರುವಿಗೆ ಕೈಮುಗಿಯಬಲ್ಲವನು ಸಣ್ಣ ಮನುಷ್ಯ ಹೇಗಾದಾನು? ಮಗ ಲಕ್ಷಣ ಕುಮಾರ, ತಮ್ಮ ದುಶ್ಶಾಸನ, ಕರ್ಣ, ಎಲ್ಲರನ್ನೂ ದಾಟಿ ಬಾಣದ ಹಾಸಿಗೆಯ ಮೇಲಿರುವ ಭೀಷ್ಮರ ಹತ್ತಿರ ಬರುತ್ತಾನೆ. ಅಜ್ಜ ಸಂಧಿ ಮಾಡಿಕೋ ಅನ್ನುತ್ತಾರೆ. ನಾನು ನಿಮಗೆ ನಮಸ್ಕರಿಸಿ ಹೋಗೋಣ ಅಂತ ಬಂದೆ, ಸಂಧಿ ಮಾಡಿಸಿಕೊಳ್ಳಲು ಬಂದೆನೇ ಅಂತ ಮೊಮ್ಮಗ ಕೇಳುತ್ತಾನೆ. ಆಮೇಲೆ ಆ ಮಾತು ಬರುತ್ತದೆ: ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಹೋರಾಡುತ್ತೇನೆ, ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳು ನೆಲ.

ಈ ಮಾತಿಗೆ ನನ್ನ ಗಂಟಲು ಕಟ್ಟುತ್ತದೆ. ಎಷ್ಟು ಓದಿದರೂ ಅಷ್ಟೇ. ಇದರಲ್ಲಿ ಅಹಂಕಾರ ಎಷ್ಟು, ಗೆಳೆಯನ ಮೇಲಿನ ಪ್ರೀತಿ ಎಷ್ಟು, ಬೇರೆ ಮಾಡಿ ತೋರಿಸು ನೋಡೋಣ. ಆಗುವುದಿಲ್ಲ. ರನ್ನನಿಗೂ ಮುಂಚೆ ಪಂಪ ಮಹಾಭಾರತದ ದೊಡ್ಡವರನ್ನೆಲ್ಲ ನೆನೆಯುವಾಗ ದುರ್ಯೋಧನನನ್ನು ನೆನೆದದ್ದು ಛಲಕ್ಕಾಗಿಯೇ. ಮೆಚ್ಚಿ ಹೇಳಿದ ಗುಣ ಅದು. ಅದೇ ಗುಣ ಅವನನ್ನು ಮುಗಿಸಿತು. ಅಜ್ಜನ ಮಾತಿನಂತೆ ವೈಶಂಪಾಯನ ಸರೋವರದೊಳಗೆ ಅಡಗಿದ್ದವನು ಅಲ್ಲೇ ಇದ್ದಿದ್ದರೆ ಅಶ್ವತ್ಥಾಮ, ಕೃಪರ ನೆರವಾದರೂ ಸಿಗುತ್ತಿತ್ತು. ಭೀಮ ದಡದಲ್ಲಿ ನಿಂತು ಗರ್ಜಿಸಿದ. ನೀರೊಳಗಿದ್ದೂ ಬೆವರಿದ ಅನ್ನುತ್ತಾನೆ ರನ್ನ. ತಡೆಯಲಾಗದೆ ಎದ್ದು ಬಂದ. ಅಲ್ಲಿಗೆ ಮುಗಿಯಿತು.

ಅವನು ಅಜ್ಜನಿಗೆ ಹೂಂ ಅಂದಿದ್ದರೆ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಹೂಂ ಅಂದಿದ್ದರೆ ಕಾವ್ಯ ಇರುತ್ತಿರಲಿಲ್ಲ, ನಿಜ. ಆದರೆ ಅವನ ತಾಯಿ ಗಾಂಧಾರಿಗೆ ಒಬ್ಬ ಮಗನಾದರೂ ಉಳಿಯುತ್ತಿದ್ದ. ವಯಸ್ಸಾದ ಹಾಗೆ ನಾನು ಕಾವ್ಯದ ಕಡೆ ಕಡಿಮೆ, ಗಾಂಧಾರಿಯ ಕಡೆ ಜಾಸ್ತಿ ವಾಲುತ್ತಿದ್ದೇನೆ. ಕಿಂಗ್ ಲಿಯರ್ ನಾಟಕದ ಕೊನೆಯನ್ನು 1681ರಲ್ಲಿ ನೇಹಮ್ ಟೇಟ್ ಬದಲಾಯಿಸಿ, ಮೂಲದಲ್ಲಿ ಸಾಯುವ ಲಿಯರ್‌ನ ಕಿರಿಮಗಳು ಕಾರ್ಡೀಲಿಯಾಳನ್ನು ಬದುಕಿಸಿದ. ಇಂಗ್ಲಿಷ್ ರಂಗಭೂಮಿಯಲ್ಲಿ ಸುಮಾರು 150 ವರ್ಷ ಬಹುಮಟ್ಟಿಗೆ ಅದೇ ನಡೆಯಿತು. ಓದುವ ದಿನಗಳಲ್ಲಿ ನನಗೆ ಇದು ಅಪಚಾರ ಅನಿಸಿತ್ತು. ಈಗ ಆ ನೋಡುಗರ ಮೇಲೆ ಸಿಟ್ಟೇ ಬರುವುದಿಲ್ಲ.

ಲಿಯರ್ ಅಂದಾಗ ಅವನ ನಿಷ್ಠ ಸಾಮಂತ ಕೆಂಟ್ ನೆನಪಾಗುತ್ತಾನೆ, ನಿನ್ನ ಗೆಳತಿಯೂ. ತುಂಬಿದ ಸಭೆಯಲ್ಲಿ, ದೊರೆಯೇ ನೀನು ಮಾಡುತ್ತಿರುವುದು ತಪ್ಪು ಅಂತ ಹೇಳಿದವನು ಕೆಂಟ್. ಹೇಳಿದ ರೀತಿ ಒರಟು, ಒಪ್ಪುತ್ತೇನೆ. ಲಿಯರ್ ಅವನನ್ನು ನಾಡಿನಿಂದಲೇ ಓಡಿಸಿದ. ಹೊಗಳಿದ ಇಬ್ಬರು ಹೆಣ್ಣುಮಕ್ಕಳಿಗೆ ರಾಜ್ಯ ಹಂಚಿದ. ಕೆಂಟ್ ವೇಷ ಬದಲಿಸಿಕೊಂಡು ಮತ್ತೆ ಅವನ ಸೇವೆಗೇ ಬಂದ. ಬದುಕಿನಲ್ಲಿ ಹೀಗೆ ತಿರುಗಿ ಬರುವವರು ಎಷ್ಟು ಜನ? ಅವಳು ನಿನ್ನ ಗೆಲುವಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು. ಈಗ ಸುಮ್ನೆ ತಲೆ ಆಡಿಸುವವರೇ ಸುತ್ತ ಉಳಿದರೆ ನಿನಗೆ ಹೇಳುವವರು ಯಾರು?

ನನ್ನ ಭಯ ನಿನ್ನ ಛಲದ ಬಗ್ಗೆ ಅಲ್ಲವೇ ಅಲ್ಲ. ಆ ಛಲ ಇಲ್ಲದಿದ್ದರೆ ಈ ತಂಡವೇ ಇರುತ್ತಿರಲಿಲ್ಲ. ದುಡ್ಡಿಲ್ಲ, ಜಾಗ ಇಲ್ಲ ಅಂತ ಎಲ್ಲರೂ ಕೈಚೆಲ್ಲಿದಾಗ ನೀನೊಬ್ಬಳು ನಿಂತೆ. ಅದನ್ನು ಎದೆ ಉಬ್ಬಿಸಿ ಊರಿಗೆಲ್ಲ ಹೇಳಿಕೊಂಡವಳು ನಾನು. ಮಾತು ಕೇಳುವ ಕಿವಿ ಮುಚ್ಚಿದಾಗ ಅದೇ ಛಲ ಎತ್ತ ಒಯ್ಯುತ್ತದೋ ಅಂತ ದಿಗಿಲು. ನಾಯಕರು ಬೀಳುವ ಮುಂಚೆ ಅವರ ಪಕ್ಕದಲ್ಲಿ ಯಾರೋ ಒಬ್ಬರು ಇದ್ದೇ ಇರುತ್ತಾರೆ, ಗಮನಿಸು. ರಾವಣನಿಗೆ ವಿಭೀಷಣ. ಮ್ಯಾಕ್‌ಬೆತ್‌ಗೆ ಗೆಳೆಯ ಬ್ಯಾಂಕೊ, ಮಾಟಗಾತಿಯರ ಮಾತು ನಂಬಿ ಕೆಡಬೇಡ ಅಂತ ಎಚ್ಚರಿಸಿದ ಅವನನ್ನೇ ಆಮೇಲೆ ಕೊಲ್ಲಿಸಿದ. ಗ್ರೀಕ್ ನಾಟಕ ಅಂತಿಗೊನೆಯಲ್ಲಿ, ಸತ್ತ ಸೋದರನಿಗೆ ಸಂಸ್ಕಾರ ಮಾಡಿದ್ದಕ್ಕೆ ಅಂತಿಗೊನೆಯನ್ನು ಶಿಕ್ಷಿಸಲು ಹೊರಟ ದೊರೆ ಕ್ರಿಯಾನ್‌ಗೆ ಸ್ವಂತ ಮಗನೇ ಬೇಡ ಅಂತ ಹೇಳುತ್ತಾನೆ, ಇಷ್ಟು ಚಿಕ್ಕವನಿಂದ ನಾನು ಪಾಠ ಕಲಿಯಬೇಕೇ ಅಂತ ರೇಗುತ್ತಾನೆ ಅಪ್ಪ. ಆ ಕ್ರಿಯಾನ್ ಕೊನೆಗೆ ಮನಸ್ಸು ಬದಲಾಯಿಸುತ್ತಾನೆ ಗೊತ್ತಾ! ಮೊದಲು ಹುಡುಗಿಯನ್ನು ಬಿಡಿಸು ಅಂತ ಹಿರಿಯರು ಹೇಳಿದರೂ ಮೊದಲು ಆ ಸೋದರನ ಹೆಣದ ಸಂಸ್ಕಾರಕ್ಕೆ ಹೋದ. ಅವಳನ್ನು ಕೂಡಿಹಾಕಿದ್ದ ಗುಹೆ ತಲುಪುವಷ್ಟರಲ್ಲಿ ಅವಳು ನೇಣು ಹಾಕಿಕೊಂಡಿದ್ದಳು. ಆಮೇಲೆ ಮಗ ಹೋದ, ಹೆಂಡತಿಯೂ ಹೋದಳು. ಅವನು ಸೋತದ್ದು ಆ ಸ್ವಲ್ಪ ಹೊತ್ತಿನಲ್ಲಿ.

ಮತ್ತೆ ಪಾಠ ಶುರು ಮಾಡಿದೆ ಅಂತೀಯ. ಕ್ಷಮಿಸು. ನಿನ್ನ ನಾಟಕಕ್ಕೂ ಸಾವುನೋವಿನ ಈ ಕತೆಗಳಿಗೂ ಅಜಗಜಾಂತರ ಅನ್ನುವುದು ನನಗೂ ಗೊತ್ತು. ತಾಯಿಯ ಹೆದರಿಕೆಗೆ ಅಳತೆ ಇರುವುದಿಲ್ಲ.

ಶನಿವಾರದ ತಾಲೀಮಿಗೆ ಮುಂಚೆ ಅವಳಿಗೆ ಒಂದು ಫೋನ್ ಮಾಡು. ಯಾಕೆ ಕೂರುತ್ತಿಲ್ಲ ಅಂತ ಕೇಳು, ನಡುವೆ ಬಾಯಿ ಹಾಕದೆ ಪೂರ್ತಿ ಕೇಳು. ಅವಳು ಹೇಳಿದ್ದೇ ತಪ್ಪಿರಬಹುದು. ದೃಶ್ಯ ಬದಲಾಯಿಸುವುದು ಬಿಡುವುದು ನಿನಗೆ ಬಿಟ್ಟದ್ದು, ನಿರ್ದೇಶಕಿ ನೀನು. ಪ್ರದರ್ಶನಕ್ಕೆ ನಾನಂತೂ ಬರುತ್ತೇನೆ, ನಿನ್ನ ಕೋಪ ಇಳಿದಿರಲಿ ಇಲ್ಲದಿರಲಿ. ರಾತ್ರಿ ನಿದ್ದೆ ಕೆಡಬೇಡ.

ನಿನ್ನ
ಅಮ್ಮ