ಪೋಷಕರಿಗೆ ಪತ್ರ: ಎಂಟನೇ ತರಗತಿಯ ರೋಮ್ ಪ್ರಾಜೆಕ್ಟ್ ಕುರಿತು

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಎಂಟನೇ ತರಗತಿಯ ಮಕ್ಕಳು ಈ ತಿಂಗಳು ರೋಮ್ ನಗರದ ಹಳೆಯ ಭಾಗದ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದಾರೆ. ಪರೀಕ್ಷೆಗೆ ಬಾರದ ವಿಷಯಕ್ಕೆ ಇಷ್ಟು ಸಮಯ ಯಾಕೆ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕೇಳಬೇಕಾದ ಮಾತೇ.

ಪಠ್ಯಪುಸ್ತಕದಲ್ಲಿ ಒಂದು ಕಾಲ ಮುಗಿದ ಮೇಲೆ ಇನ್ನೊಂದು ಶುರುವಾಗುತ್ತದೆ. ಊರುಗಳಲ್ಲಿ ಹಾಗಲ್ಲ. ರೋಮ್‌ನ ಸ್ಯಾನ್ ಕ್ಲೆಮೆಂಟೆ ಚರ್ಚನ್ನೇ ನೋಡಿ. ಈಗ ಪ್ರಾರ್ಥನೆ ನಡೆಯುವುದು 12ನೇ ಶತಮಾನದ ಕಟ್ಟಡದಲ್ಲಿ. ಮೆಟ್ಟಿಲಿಳಿದರೆ 4ನೇ ಶತಮಾನದ ಇನ್ನೊಂದು ಚರ್ಚ್, ಅದರ ಗೋಡೆಗಳ ಮೇಲೆ ಮಾಸಿದ ವರ್ಣಚಿತ್ರಗಳು. ಇನ್ನೂ ಇಳಿದರೆ ರೋಮನ್ನರ ಕಟ್ಟಡಗಳು, ಇಕ್ಕಟ್ಟಾದ ಓಣಿ, ಮಿತ್ರಾಸ್ ಎಂಬ ದೇವರ ಪೂಜೆ ನಡೆಯುತ್ತಿದ್ದ ಕತ್ತಲೆ ಕೋಣೆ. ನೆಲದಡಿ ನೀರು ಹರಿಯುವ ಸದ್ದು ಅಲ್ಲಿ ಇಂದಿಗೂ ಕೇಳಿಸುತ್ತದೆ. 1857ರಲ್ಲಿ ಅಲ್ಲಿನ ಪಾದ್ರಿಯೊಬ್ಬರು ಅಗೆಸಲು ಶುರುಮಾಡುವವರೆಗೂ ಇವೆಲ್ಲ ಮಣ್ಣಿನಡಿ ಹೂತುಹೋಗಿದ್ದವು.

ಮಕ್ಕಳನ್ನು ಹೆಚ್ಚು ಕಾಡಿದ್ದು ಮಾತ್ರ ಒಂದು ಬಾಗಿಲು. ಹಳೆಯ ರೋಮ್‌ನ ಮುಖ್ಯ ಚೌಕವಾಗಿದ್ದ ರೋಮನ್ ಫೋರಂನಲ್ಲಿ ಚಕ್ರವರ್ತಿ ಆಂಟೊನೈನಸ್ ಮತ್ತು ಅವನ ಹೆಂಡತಿ ಫೌಸ್ಟೀನಾ ಹೆಸರಿನ ದೇವಾಲಯವಿದೆ, 2ನೇ ಶತಮಾನದ್ದು. ಮುಂದೆ ಅದರ ಕಂಬಗಳ ಹಿಂದೆಯೇ ಚರ್ಚ್ ಎದ್ದಿತು. ಚರ್ಚಿನ ಬಾಗಿಲು ಈಗ ಮೆಟ್ಟಿಲುಗಳಿಗಿಂತ ಎಷ್ಟೋ ಎತ್ತರದಲ್ಲಿ, ಯಾರೂ ಕಾಲಿಡಲಾಗದ ಜಾಗದಲ್ಲಿದೆ. ಬಾಗಿಲು ಇಟ್ಟ ಕಾಲಕ್ಕೆ ಮಣ್ಣು ತುಂಬಿ ನೆಲವೇ ಅಲ್ಲಿಯವರೆಗೆ ಏರಿತ್ತು. ಆ ಮಣ್ಣನ್ನು ಆಮೇಲೆ ತೆಗೆದರು.

ಹಾಗಾದರೆ ಅಸಲಿ ರೋಮ್ ಯಾವುದು ಎಂದು ಮಕ್ಕಳು ಕೇಳುತ್ತಿದ್ದಾರೆ. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಸರ್ಕಾರ ಇದಕ್ಕೆ ಉತ್ತರ ಕೊಟ್ಟಿತ್ತು: ಚಕ್ರವರ್ತಿಗಳ ರೋಮ್ ಮಾತ್ರ. ಕೊಲೋಸಿಯಂವರೆಗೆ ನೇರ ರಸ್ತೆ ಹಾಯಿಸಿ 1932ರಲ್ಲಿ ಮೆರವಣಿಗೆ ಮಾಡಿದರು. ಅದಕ್ಕಾಗಿ ಮಧ್ಯಯುಗದಿಂದ ಬೆಳೆದುಬಂದ ಕೇರಿಗಳನ್ನು ಕೆಡವಿದರು, ಸಾವಿರಾರು ಜನ ಮನೆ ಕಳೆದುಕೊಂಡರು. ಒಂದು ಕಾಲವನ್ನಷ್ಟೇ ಮೆರೆಸಲು ಉಳಿದ ಕಾಲಗಳನ್ನು ಅಳಿಸುವುದು ಅನ್ಯಾಯ. ಇದು ನಮ್ಮ ಮಕ್ಕಳಿಗೆ ಈ ವಯಸ್ಸಿನಲ್ಲೇ ಮನವರಿಕೆಯಾಗಬೇಕು ಎಂಬುದು ನನ್ನ ಆಸೆ. ಸಮಯ ಕೊಟ್ಟಿರುವುದು ಅದಕ್ಕೇ.

ಪ್ರತಿಯೊಬ್ಬರೂ ಒಂದು ಜಾಗ ಆರಿಸಿಕೊಂಡು, ನೆಲವನ್ನು ಸೀಳಿ ನೋಡಿದಂತೆ ಅದರ ಪದರಗಳ ಚಿತ್ರ ಬರೆಯಬೇಕು. ರೋಮನ್ ಚಕ್ರವರ್ತಿ ಡೊಮಿಷಿಯನ್‌ನ ಕ್ರೀಡಾಂಗಣದ ಆಕಾರವನ್ನೇ ಉಳಿಸಿಕೊಂಡಿರುವ ಪಿಯಾಜಾ ನವೋನಾ ಚೌಕ ಹಲವರ ಆಯ್ಕೆ. ದಯವಿಟ್ಟು ಚಿತ್ರವನ್ನು ನೀವು ಬರೆದುಕೊಡಬೇಡಿ, ಪ್ರಿಂಟ್ ಹಾಕಿಸಿಯೂ ಕಳಿಸಬೇಡಿ. ಗೆರೆ ಸೊಟ್ಟಗಾದರೂ ಪರವಾಗಿಲ್ಲ. ಎಲ್ಲ ಚಿತ್ರಗಳನ್ನೂ ಮುಂದಿನ ಪೋಷಕರ ಸಭೆಯ ದಿನ ತರಗತಿಯಲ್ಲಿ ತೂಗುಹಾಕುತ್ತೇವೆ. ಅಂದು ಸ್ವಲ್ಪ ಬಿಡುವು ಮಾಡಿಕೊಂಡು ಬನ್ನಿ. ಯಾವ ಪದರದಲ್ಲಿ ಯಾರು ಬದುಕಿದ್ದರು ಎಂದು ಮಕ್ಕಳೇ ನಿಮಗೆ ವಿವರಿಸುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು