‘ಇದು ಯಾರು?’ ಎಂದು ಯಾರೂ ಕೇಳದ ಫೋಟೊ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಜಗತ್ತಿನಲ್ಲೇ ಅತಿ ಹೆಚ್ಚು ಹೆಸರುವಾಸಿಯಾದ ಕ್ರೀಡಾಪಟು ಯಾರು ಅಂತ ನಿಮ್ಮ ಕ್ರೀಡಾ ಪುಟದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಮೊದಲ ದಿನದಿಂದ ಓದುತ್ತಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಕ್ರಿಸ್ಟಿಯಾನೊ ರೊನಾಲ್ಡೊ ಅಂದಿದ್ದಾರೆ. ಇನ್‌ಸ್ಟಾಗ್ರಾಂನಲ್ಲಿ ಆತನಿಗೆ 60 ಕೋಟಿಗಿಂತ ಜಾಸ್ತಿ ಫಾಲೋವರ್ಸ್. ಮೆಸ್ಸಿಗೆ 50 ಕೋಟಿ ದಾಟಿದೆ. ನಮ್ಮ ವಿರಾಟ್ ಕೊಹ್ಲಿಗೆ ಅದರ ಅರ್ಧದಷ್ಟು. ಹಾಗಾಗಿ ರೊನಾಲ್ಡೊನೇ ಅಂತ ತೀರ್ಮಾನ. ನನಗೆ ಈ ಲೆಕ್ಕ ಒಪ್ಪಿಗೆಯಾಗುತ್ತಿಲ್ಲ. ಫೋನಿನಲ್ಲಿ ಒಂದು ಗುಂಡಿ ಒತ್ತಿದವರನ್ನು ಎಣಿಸಿದರೆ ಫೋನ್ ಇರುವವರ ಲೆಕ್ಕ ಮಾತ್ರ ಸಿಗುತ್ತದೆ. ಉಳಿದವರು?

ನಾನು ಕಾಸರಗೋಡು ಜಿಲ್ಲೆಯ ಉಪ್ಪಳದವನು. 1985ರಿಂದ 2009ರವರೆಗೆ ಶಾರ್ಜಾದ ರೋಲಾ ಹತ್ತಿರ ಒಂದು ಗ್ರಾಸರಿಯ ಕೌಂಟರಿನಲ್ಲಿ ನಿಂತವನು. ಮೊದಲು ಸಂಬಳಕ್ಕೆ, ಆಮೇಲೆ ಪಾಲಿಗೆ. ಕುಬ್ಬೂಸ್ ರೊಟ್ಟಿ, ಮೊಸರು, ಈರುಳ್ಳಿ, ಸಾಬೂನು, ಟೆಲಿಫೋನ್ ಕಾರ್ಡು. ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿದರೆ ಇಳಿಸುವಾಗ ರಾತ್ರಿ ಹನ್ನೆರಡು. ಅಂಗಡಿಯ ಮೇಲಿನ ಬಿಲ್ಡಿಂಗಿನಲ್ಲಿ ಯಾವ ದೇಶದವರು ಇರಲಿಲ್ಲ ಹೇಳಿ. ಸುಡಾನಿಗಳು, ಮಿಸ್ರಿಗಳು (ಈಜಿಪ್ಟಿನವರು), ಪಠಾಣರು, ಫಿಲಿಪಿನೊಗಳು, ನೇಪಾಳಿಗಳು, ಬಂಗಾಳಿಗಳು, ಪ್ಯಾಲೆಸ್ತೀನದ ಒಬ್ಬರು ಮೇಷ್ಟ್ರು. ನಮ್ಮ ಮಂಜೇಶ್ವರ, ಕುಂಬಳೆ ಕಡೆಯವರಂತೂ ಇದ್ದೇ ಇದ್ದರು.

ನನಗೆ ಚಿಕ್ಕಂದಿನಿಂದಲೂ ಆಟಗಾರರ ಫೋಟೊ ಕತ್ತರಿಸಿ ಇಡುವ ಅಭ್ಯಾಸ. ಊರಿಂದ ಹೊರಟಾಗ ಪೆಟ್ಟಿಗೆಯಲ್ಲಿ ಒಂದು ಪುಟ ಮಡಿಸಿ ಇಟ್ಟಿದ್ದೆ. 1983ರಲ್ಲಿ ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ಕಪ್ ಹಿಡಿದು ನಿಂತದ್ದು. ಕೌಂಟರಿನ ಹಿಂದೆ, ಕ್ಯಾಲೆಂಡರಿನ ಪಕ್ಕ ಅದನ್ನು ಅಂಟಿಸಿದೆ. 1986ರಲ್ಲಿ ಫುಟ್‌ಬಾಲಿನ ಮರಡೋನಾ ಗೋಡೆಗೆ ಬಂದ. ಅದೇ ವರ್ಷ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಪಿ.ಟಿ. ಉಷಾ ಬಂದರು. ಫಿಲಿಪಿನೊ ಹುಡುಗನೊಬ್ಬ ಅವನದೇ ಖರ್ಚಿನಲ್ಲಿ ಬಾಸ್ಕೆಟ್‌ಬಾಲಿನ ಮೈಕಲ್ ಜೋರ್ಡಾನ್ ಪೋಸ್ಟರ್ ತಂದು ಹಚ್ಚಿದ. ಹೀಗೆ ಇಪ್ಪತ್ತು ವರ್ಷದಲ್ಲಿ ಗೋಡೆ ತುಂಬಿತು.

ಸಾಮಾನು ಕಟ್ಟುವಷ್ಟು ಹೊತ್ತು ಗಿರಾಕಿಗಳಿಗೆ ನೋಡಲು ಬೇರೇನೂ ಇರಲಿಲ್ಲ. ಗೋಡೆ ನೋಡುತ್ತಿದ್ದರು. ಬೆರಳು ತೋರಿಸಿ ಕೇಳುತ್ತಿದ್ದರು, “ಇದು ಯಾರು?” ಇಪ್ಪತ್ತನಾಲ್ಕು ವರ್ಷ ಆ ಪ್ರಶ್ನೆಗೆ ಉತ್ತರ ಕೊಟ್ಟ ಅನುಭವದಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಪಿಲ್ ದೇವ್ ಪಠಾಣರಿಗೆ ಗೊತ್ತು, ಬಂಗಾಳಿಗಳಿಗೆ ಗೊತ್ತು. ಸುಡಾನಿನ ಲಾರಿ ಡ್ರೈವರ್ ಒಬ್ಬರು “ಇವರು ನಿಮ್ಮ ಮಂತ್ರಿಯಾ?” ಅಂತ ಕೇಳಿದ್ದರು. ಪೇಶಾವರ ಕಡೆಯವರು ಬಂದಾಗಲೆಲ್ಲ ನಮ್ಮ ಜಹಾಂಗೀರ್ ಖಾನ್ ಎಲ್ಲಿ ಅಂತ ಜಗಳಕ್ಕೆ ನಿಲ್ಲುತ್ತಿದ್ದರು. ಸ್ಕ್ವಾಷ್‌ನಲ್ಲಿ ಐದು ವರ್ಷ ಸೋಲನ್ನೇ ಕಾಣದ ಮನುಷ್ಯ. ಮಿಸ್ರಿಗಳಿಗೆ ಆತ ಯಾರೆಂದು ಗೊತ್ತಿಲ್ಲ. ಜೋರ್ಡಾನ್ ಫಿಲಿಪಿನೊಗಳಿಗೆ ದೇವರು. ನೇಪಾಳದ ಹುಡುಗರು ಆತನ ಹೆಸರಿನ ಬನಿಯನ್ ಹಾಕಿಕೊಂಡೇ ಬಂದು “ಇದು ಯಾರು?” ಅಂತ ಕೇಳಿದ್ದಾರೆ.

ಸಚಿನ್ ವಿಷಯ ಹೇಳಲೇಬೇಕು. 1998ರ ಏಪ್ರಿಲ್ 22. ಮರಳುಗಾಳಿ ಬಂದು ಶಟರ್ ಅರ್ಧ ಇಳಿಸಿದ್ದೆ. ಟಿವಿಯಲ್ಲಿ ನಮ್ಮೂರಿನದೇ ಸ್ಟೇಡಿಯಂ, ಆಟಗಾರರು ಮುಖ ಮುಚ್ಚಿಕೊಂಡು ನೆಲಕ್ಕೆ ಬಗ್ಗಿದ್ದಾರೆ. ನಮ್ಮೂರು ಅಂತ ಶಾರ್ಜಾಕ್ಕೆ ಬರೆದುಬಿಟ್ಟೆ, ಇರಲಿ, ಅಷ್ಟು ವರ್ಷ ಅನ್ನ ಕೊಟ್ಟ ಊರು. ಗಾಳಿ ನಿಂತ ಮೇಲೆ ಆಟ ಮುಂದುವರಿಸಿ ಸಚಿನ್ 143ಕ್ಕೆ ಮುಟ್ಟಿದ್ದು, ಎರಡು ದಿನ ಬಿಟ್ಟು ತನ್ನ 25ನೇ ಹುಟ್ಟುಹಬ್ಬಕ್ಕೆ ಫೈನಲಿನಲ್ಲಿ 134 ಹೊಡೆದು ಗೆಲ್ಲಿಸಿದ್ದು, ಆ ರಾತ್ರಿ ರೋಲಾದಲ್ಲಿ ನಾವು ಕುಣಿದದ್ದು ಎಲ್ಲ ನಿನ್ನೆ ಮೊನ್ನೆಯ ಹಾಗಿದೆ. ಮರುದಿನ ಬೆಳಿಗ್ಗೆ ಸಚಿನ್ ಫೋಟೊವನ್ನು ಗೋಡೆಯ ನಟ್ಟ ನಡುವೆ ಅಂಟಿಸಿದೆ. ಮೊದಲು ಬಂದ ಗಿರಾಕಿ ಫಿಲಿಪೀನ್ಸಿನ ನರ್ಸ್. ಫೋಟೊ ನೋಡಿ, “ಈ ಹುಡುಗ ಸಿನಿಮಾದವನಾ?” ಅಂದರು. ನನಗೆ ನಿಜವಾಗಿ ಬೇಜಾರಾಯಿತು. ಇದೇ ಊರಿನಲ್ಲಿ ಇಡೀ ಸ್ಟೇಡಿಯಂ ಹುಚ್ಚೆದ್ದು ಕೂಗಿದೆ, ಇಲ್ಲೇ ಇರುವ ಇವರಿಗೆ ಹೆಸರೂ ಗೊತ್ತಿಲ್ಲ. ಕ್ರಿಕೆಟಿನ ಲೋಕ ಎಷ್ಟು ದೊಡ್ಡದು, ಎಷ್ಟು ಸಣ್ಣದು ಅಂತ ಅವತ್ತು ತಿಳಿಯಿತು.

ಮರಡೋನಾಗೆ ಈ ತೊಂದರೆ ಬಹಳ ಕಡಿಮೆ. ಅರಬರಿಗೆ, ಆಫ್ರಿಕಾದವರಿಗೆ, ಬಂಗಾಳಿಗಳಿಗೆ ಹೇಳಬೇಕಾಗಿಯೇ ಇಲ್ಲ. ನಾನೂ ಆತನ ಅಭಿಮಾನಿ. 2012ರ ಅಕ್ಟೋಬರಿನಲ್ಲಿ ಮರಡೋನಾ ಕಣ್ಣೂರಿಗೆ ಬಂದಾಗ ಬೆಳಿಗ್ಗೆ ರೈಲು ಹತ್ತಿ ಹೋಗಿದ್ದೆ. ಕಾಲಿಡಲು ಜಾಗವಿರಲಿಲ್ಲ. ವೇದಿಕೆಯಲ್ಲಿ ಹಾಡಿದ, ಕುಣಿದ, ಕೇರಳದ ಫುಟ್‌ಬಾಲ್ ಆಟಗಾರ ಐ.ಎಂ. ವಿಜಯನ್ ಜೊತೆ ಚೆಂಡು ಆಡಿದ. ದೂರದಿಂದ ಒಂದು ಬೆರಳಿನಷ್ಟು ಕಂಡ. ಅಷ್ಟು ಸಾಕಾಯಿತು. ಆದರೂ ಗೋಡೆಯ ಮುಂದೆ ನಿಂತ ಪಠಾಣರಲ್ಲಿ, ವಯಸ್ಸಾದ ನೇಪಾಳಿಗಳಲ್ಲಿ ಮರಡೋನಾ ಯಾರೆಂದು ಕೇಳಿದವರು ಇದ್ದರು.

ಒಂದೇ ಒಂದು ಫೋಟೊದ ಬಗ್ಗೆ ಆ ಪ್ರಶ್ನೆ ಬರಲಿಲ್ಲ. ಬಾಕ್ಸರ್ ಮುಹಮ್ಮದ್ ಅಲಿ.

1996ರ ಅಟ್ಲಾಂಟಾ ಒಲಿಂಪಿಕ್ಸ್ ಶುರುವಾದ ಮರುದಿನ ಅಲ್ಲಿನ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ್ದು. ಬಿಳಿ ಬಟ್ಟೆ, ಬಲಗೈಯಲ್ಲಿ ಉರಿಯುವ ಪಂಜು. ಪಾರ್ಕಿನ್‌ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ಆದರೆ ಫೋಟೊದಲ್ಲಿ ನಡುಕ ಕಾಣುವುದಿಲ್ಲವಲ್ಲ. ಬೆಲ್ಟಿಲ್ಲ, ಗ್ಲೌಸಿಲ್ಲ, ದಪ್ಪಗಾಗಿದ್ದ. ಗುರುತು ಸಿಗಲು ಯಾವ ಕಾರಣವೂ ಇರಲಿಲ್ಲ. ಆದರೂ ಎಲ್ಲರೂ ಗುರುತಿಸಿದರು. ಒಂದು ಅಕ್ಷರ ಓದಲು ಬಾರದ ಮುದುಕ ಪಠಾಣರೊಬ್ಬರು ಹಾಲಿನ ಪ್ಯಾಕೆಟ್ ಕೆಳಗಿಟ್ಟು “ಕ್ಲೇ” ಅಂದರು, ಅಲಿಯ ಹಳೆಯ ಹೆಸರು. ಅಷ್ಟೇ. ಆ ಸುಡಾನಿ ಡ್ರೈವರ್ ಎದೆಯ ಮೇಲೆ ಕೈ ಇಟ್ಟುಕೊಂಡರು. ಸಚಿನ್ ಯಾರೆಂದು ಕೇಳಿದ ಅದೇ ನರ್ಸ್, “ನಮ್ಮ ಕೆಸಾನ್ ಸಿಟಿಯಲ್ಲಿ ಇವರ ಹೆಸರಿನ ಮಾಲ್ ಇದೆ, ನಮ್ಮ ಅಮ್ಮ ಅಲ್ಲಿಂದಲೇ ನನಗೆ ಶಾಲೆಯ ಚಪ್ಪಲಿ ತರುತ್ತಿದ್ದದ್ದು” ಅಂದರು. ಅದು ನಿಜವೇ. ಮನಿಲಾಕ್ಕೆ ಅಂಟಿಕೊಂಡ ಆ ಊರಿನಲ್ಲೇ 1975ರಲ್ಲಿ ಅಲಿ ಮತ್ತು ಜೋ ಫ್ರೇಜರ್ ಹೋರಾಡಿದರು, ಮರುವರ್ಷ ಅಲಿ ಮಾಲ್ ತೆರೆಯಿತು.

ಇದಕ್ಕೆ ಕಾರಣ ಏನು ಅಂತ ನಾನು ಬಹಳ ಯೋಚಿಸಿದ್ದೇನೆ. ಅಲಿ ಜನರ ಊರಿಗೇ ಹೋಗಿ ಆಡಿದ. 1973ರಲ್ಲಿ ಜಕಾರ್ತಾ. 1974ರಲ್ಲಿ ಆಫ್ರಿಕಾದ ಕಿನ್ಶಾಸಾ, ಅಲ್ಲಿ ಎಂಟನೇ ರೌಂಡಿನಲ್ಲಿ ಜಾರ್ಜ್ ಫೋರ್‌ಮನ್‌ನನ್ನು ಕೆಡವಿ ಮತ್ತೆ ಚಾಂಪಿಯನ್ ಆದ. 1975ರಲ್ಲಿ ಕೌಲಾಲಂಪುರ, ಮನಿಲಾ. 1980ರಲ್ಲಿ ಮದ್ರಾಸಿಗೆ ಬಂದು ಪ್ರದರ್ಶನ ಪಂದ್ಯ ಆಡಿದ. ಅಮೆರಿಕದ ದೊಡ್ಡ ಆಟಗಾರರು ಬಡ ದೇಶಗಳ ಕಡೆ ತಿರುಗಿಯೂ ನೋಡದ ಕಾಲ ಅದು.

ಅದಕ್ಕಿಂತ ದೊಡ್ಡದು ಇನ್ನೊಂದು. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರು ಅಂದಾಗ ಒಲ್ಲೆ ಅಂದ. ಆಗ ಆತನಿಗೆ 25 ವರ್ಷ. ಪಟ್ಟ ಕಸಿದುಕೊಂಡರು, ಲೈಸೆನ್ಸ್ ಹೋಯಿತು, ಐದು ವರ್ಷ ಜೈಲು ಅಂತ ತೀರ್ಪಾಯಿತು. ಅಪೀಲು ಹಾಕಿದ್ದರಿಂದ ಜೈಲಿಗೆ ಹೋಗಲಿಲ್ಲ, ಆದರೆ ಮೂರೂವರೆ ವರ್ಷ ರಿಂಗಿಗೆ ಇಳಿಯಲಾಗಲಿಲ್ಲ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಬಾಕ್ಸರ್‌ಗೆ 25ರಿಂದ 28ರ ವಯಸ್ಸು ಅಂದರೆ ಮೈಯಲ್ಲಿ ಶಕ್ತಿ ಉಕ್ಕುವ ಕಾಲ. ಅದನ್ನೇ ಬಿಟ್ಟುಕೊಟ್ಟವನು. ಪ್ಯಾಲೆಸ್ತೀನದ ಮೇಷ್ಟ್ರು ಈ ಕಥೆಯನ್ನು ನನಗೆ ಅರಬಿ ಮತ್ತು ಹಿಂದಿ ಕಲಸಿ ಹೇಳಿದ್ದು. ಹೇಳಿ ಮುಗಿಸುವಾಗ ಅವರ ಕುಬ್ಬೂಸ್ ತಣ್ಣಗಾಗಿತ್ತು.

1990ರ ಕೊನೆಯೂ ನೆನಪಿದೆ. ಕುವೈತಿನಿಂದ ಓಡಿ ಬಂದ ನಮ್ಮ ಕಡೆಯ ಇಬ್ಬರು ನಮ್ಮ ರೂಮಿನಲ್ಲೇ ಮಲಗುತ್ತಿದ್ದರು. ಯುದ್ಧ ನಮ್ಮ ತಲೆ ಮೇಲೆ ಬರುತ್ತದೋ ಅಂತ ಎಲ್ಲರಿಗೂ ಭಯ. ಆಗ ಅಲಿ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನನ ಹತ್ತಿರ ಮಾತಾಡಿ 15 ಮಂದಿ ಅಮೆರಿಕನ್ ಒತ್ತೆಯಾಳುಗಳನ್ನು ಬಿಡಿಸಿಕೊಂಡು ಬಂದ ಸುದ್ದಿ ರೇಡಿಯೊದಲ್ಲಿ ಬಂತು. ಆರು ವರ್ಷ ಬಿಟ್ಟು ಗೋಡೆಗೆ ಆತನ ಫೋಟೊ ಹಚ್ಚುವಾಗ ನನ್ನ ತಲೆಯಲ್ಲಿ ಇದ್ದದ್ದು ಅದೇ.

ನಮ್ಮ ಉಪ್ಪಳ ಪೇಟೆಯಲ್ಲಿಯೂ ನಾನು ಹುಡುಗನಾಗಿದ್ದಾಗ ಲಾರಿಗೆ ಲೋಡು ಮಾಡುತ್ತಿದ್ದ ಗಟ್ಟಿಮುಟ್ಟಾದ ಒಬ್ಬರನ್ನು ಎಲ್ಲರೂ ‘ಕ್ಲೇ’ ಅಂತಲೇ ಕರೆಯುತ್ತಿದ್ದರು. ಅದು ಯಾವುದೋ ಬ್ಯಾರಿ ಮಾತು ಅಂತ ನಾನು ತಿಳಿದಿದ್ದೆ. ಕ್ಯಾಸಿಯಸ್ ಕ್ಲೇ ಅಂತ ಒಬ್ಬ ಇದ್ದ, ಅವನೇ ಅಲಿ ಆದದ್ದು ಅಂತ ಗೊತ್ತಾದದ್ದು ಹೈಸ್ಕೂಲಿಗೆ ಬಂದ ಮೇಲೆ. ಟಿವಿ ಇಲ್ಲದ ಊರಿಗೆ ಹೆಸರು ಹೇಗೆ ಬಂತು? ಹೇಗೋ ಬಂತು. ನನ್ನ ಪ್ರಕಾರ ಖ್ಯಾತಿ ಅಂದರೆ ಇದು. ನನ್ನ ಅಮ್ಮ ಒಂದೂ ಆಟ ನೋಡಿದವರಲ್ಲ, ಆದರೆ ನನ್ನ ತಂಗಿ ಅಂಗಳದಲ್ಲಿ ಓಡಿದರೆ “ದೊಡ್ಡ ಪಿ.ಟಿ. ಉಷಾ, ಮೆಲ್ಲ ಹೋಗು” ಅನ್ನುತ್ತಿದ್ದರು. ನಮ್ಮ ಜಿಲ್ಲೆಯ ತಳಂಗರೆಯಲ್ಲಿ ಅಣ್ಣನೊಬ್ಬ ಪುಟ್ಟ ತಮ್ಮನಿಗೆ ಭಾರತದ ಕ್ಯಾಪ್ಟನ್ ಹೆಸರು ಇಟ್ಟ, ಆ ಮಗು ಬೆಳೆದು 2021ರಲ್ಲಿ ಮುಂಬೈ ವಿರುದ್ಧ 54 ಬಾಲಿಗೆ 137 ಹೊಡೆದ ಮೊಹಮ್ಮದ್ ಅಜರುದ್ದೀನ್ ಆದ. ಇಂಥದ್ದು ಯಾವ ಫೋನಿನ ಲೆಕ್ಕದಲ್ಲಿಯೂ ಬರುವುದಿಲ್ಲ. (ಅಂದ ಹಾಗೆ, ಬಂದ ಪತ್ರಗಳಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ಟೆನಿಸ್‌ನ ಸೆರೆನಾ ವಿಲಿಯಮ್ಸ್ ಸಿಂಗಲ್ಸ್‌ನಲ್ಲೇ 23 ಗ್ರ್ಯಾಂಡ್ ಸ್ಲಾಮ್ ಗೆದ್ದವರು. ಯಾರಿಗೂ ನೆನಪಾಗಲಿಲ್ವಾ ಅಂತ ನನ್ನ ಮಗಳು ಕೇಳುತ್ತಿದ್ದಾಳೆ, ಅದನ್ನೂ ಬರೆಯಿರಿ ಅಂದಳು.)

ರೊನಾಲ್ಡೊ ಅಭಿಮಾನಿಗಳಿಗೆ ನ್ಯಾಯವಾಗಿ ಒಂದು ಮಾತು ಒಪ್ಪಬೇಕು. ಅಂಗಡಿ ಬಿಟ್ಟು ಬರುವಾಗ ಅಲಿಯ ಫೋಟೊವನ್ನು ಬ್ಲೇಡಿನಿಂದ ಮೆಲ್ಲ ಎಬ್ಬಿಸಿ ತಂದಿದ್ದೆ. ಈಗ ಮನೆಯ ಚಾವಡಿಯಲ್ಲಿದೆ. ಮೊನ್ನೆ ನಿಮ್ಮ ಪತ್ರಿಕೆ ಓದುತ್ತಾ ಕೂತಿದ್ದಾಗ ಮಗಳ ಮಗ, ಹತ್ತು ವರ್ಷದವನು, ಅದರ ಕೆಳಗೆ ನಿಂತು ಕೇಳಿದ, “ಅಜ್ಜ, ಇದು ಯಾರು?” ಹದಿಮೂರು ವರ್ಷ ಶಾರ್ಜಾದಲ್ಲಿ ಬಾರದ ಪ್ರಶ್ನೆ ನನ್ನ ಮನೆಯೊಳಗೇ ಬಂತು. ಅವನಿಗೆ ರೊನಾಲ್ಡೊ ಗೊತ್ತು, ಮೆಸ್ಸಿ ಗೊತ್ತು, ಎಂಬಾಪೆ ಗೊತ್ತು. 2022ರ ವಿಶ್ವಕಪ್ಪಿನಲ್ಲಿ ನಮ್ಮ ಹೈವೇ ಬದಿಯ ಕಟೌಟುಗಳನ್ನು ನೋಡಿಯೇ ಬೆಳೆದ ಮಕ್ಕಳು ಇವರು. ಅಲಿ ತೀರಿಕೊಂಡದ್ದು 2016ರ ಜೂನಿನಲ್ಲಿ. ಆಗ ಇವನು ಎಳೆಗೂಸು. ಇವತ್ತಿನ ಮಕ್ಕಳನ್ನು ಕೇಳಿದರೆ ರೊನಾಲ್ಡೊ ಗೆಲ್ಲುತ್ತಾನೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ನಿಮ್ಮ ಪ್ರಶ್ನೆ ಇವತ್ತಿನ ಮಕ್ಕಳಿಗೆ ಮಾತ್ರ ಆಗಿರಲಿಲ್ಲ ಅಲ್ವಾ?

ಅಲಿಯ ಕಥೆಯನ್ನು ಅವನಿಗೆ ಅರ್ಧ ಗಂಟೆ ಹೇಳಿದೆ. ಕದ್ದುಹೋದ ಸೈಕಲ್ಲಿನ ದೂರು ಕೊಡಲು ಹೋದ 12 ವರ್ಷದ ಹುಡುಗನಿಗೆ ಪೊಲೀಸಿನವರೇ ಬಾಕ್ಸಿಂಗ್ ಕಲಿಸಿದ್ದು ಅವನಿಗೆ ತುಂಬಾ ಹಿಡಿಸಿತು. “ನಮ್ಮ ಕಡೆ ಬಂದಿದ್ದರಾ?” ಅಂತ ಕೇಳಿದ. 1989ರಲ್ಲಿ ಕೋಝಿಕ್ಕೋಡಿಗೆ ಬಂದಿದ್ದರು, ನಾನು ಆಗ ಶಾರ್ಜಾದಲ್ಲಿದ್ದೆ ಅಂದೆ.

ಸಂಪಾದಕರಲ್ಲಿ ಒಂದು ವಿನಂತಿ. ಚರ್ಚೆ ಮುಗಿಸುವ ಮೊದಲು ಒಂದು ಭಾನುವಾರ ಅಲಿ, ಪೆಲೆ, ಮರಡೋನಾ, ಸಚಿನ್, ಉಷಾ, ಸೆರೆನಾ, ರೊನಾಲ್ಡೊ, ಮೆಸ್ಸಿ ಇವರ ಫೋಟೊಗಳನ್ನು ಹೆಸರು ಹಾಕದೆ ಪ್ರಕಟಿಸಿ. ಪ್ರತಿ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಿಗೆ ಒಮ್ಮೆ, ಎಲ್ಲರಿಗಿಂತ ಕಿರಿಯರಿಗೆ ಒಮ್ಮೆ ತೋರಿಸಿ, ಯಾರು ಯಾರನ್ನು ಗುರುತಿಸಿದರು ಅಂತ ಬರೆದು ಕಳಿಸಲು ಓದುಗರಿಗೆ ಹೇಳಿ. ಉಪ್ಪಳದಿಂದ ಮಂಜೇಶ್ವರದವರೆಗಿನ ಮನೆಗಳಿಗೆ ಬೇಕಾದರೆ ನಾನೇ ಪತ್ರಿಕೆ ಹಿಡಿದುಕೊಂಡು ಹೋಗುತ್ತೇನೆ.

ಇಂತಿ,
ನಿಮ್ಮ ಓದುಗ, ಉಪ್ಪಳ, ಕಾಸರಗೋಡು ಜಿಲ್ಲೆ